ಪೋಸ್ಟ್ ಮಾಸ್ಟರರಿಗಾಗಿ ಒಂದು ನಿಮಿಷ

ನಮ್ಮ ಬೈಕ್ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಅರವತ್ತು ದಾಟಿದೆ. ಅವನನ್ನು ಎಲ್ಲರೂ ಮರಿ ಎಂದು ಕರೆಯುತ್ತಾರೆ. ಮರಿಗೆ ಇಬ್ಬರು ಮೊಮ್ಮಕ್ಕಳು.

ನಮ್ಮ ಕ್ಲಬ್ ಎಂದೆ, ಆದರೆ ನಾನು ಸದಸ್ಯಳಲ್ಲ. ನಮ್ಮ ಯಜಮಾನರು ಅದರ ಅಧ್ಯಕ್ಷರು. ನಾನು ಸಾಲಿನ ಹಿಂದೆ ವ್ಯಾನ್ ಓಡಿಸಿಕೊಂಡು ಹೋಗುವವಳು. ಊರಿನ ಅರ್ಧ ಮಕ್ಕಳನ್ನು ಸ್ಕೂಲಿಗೆ ಮುಟ್ಟಿಸಿದ ಹಳೇ ವ್ಯಾನ್ ಅದು. ಈಗ ಅದರಲ್ಲಿ ಬ್ಯಾಗುಗಳು, ನೀರಿನ ಕ್ಯಾನುಗಳು, ಬಿಪಿ ಮಾತ್ರೆಗಳು ಮತ್ತು ಹೆಂಡಂದಿರು ಇರುತ್ತೇವೆ.

ಪ್ರತಿ ಭಾನುವಾರ ಬೆಳಿಗ್ಗೆ ಇವರೆಲ್ಲ ಬೇಕರಿಯ ಮುಂದೆ ಸೇರುತ್ತಾರೆ. ಸವಾರಿ ಗಳಿಗೆ ಹೊತ್ತಿನದು, ಅದರ ಮಾತು ವಾರವಿಡೀ. ಯಾರ ಗಾಡಿಗೆ ಯಾವ ಆಯಿಲ್ ಒಗ್ಗುತ್ತದೆ, ಯಾರದಕ್ಕೆ ಒಗ್ಗುವುದಿಲ್ಲ ಎಂದು ಬಾಣಂತಿಯರ ಹಾಗೆ ಚರ್ಚೆ ಮಾಡುತ್ತಾರೆ. ಹೆತ್ತ ಮಕ್ಕಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡದವರು, ಇಂಜಿನ್ ಬಿಸಿಯಾದರೆ ಅಂಗೈ ಇಟ್ಟು ಮುಖ ಸಣ್ಣ ಮಾಡುತ್ತಾರೆ.

ಎಲ್ಲರಿಗೂ ಒಂದೇ ತರಹದ ಚರ್ಮದ ಜಾಕೆಟ್. ಬೆನ್ನಿನ ಮೇಲೆ ಗಿಡುಗದ ಚಿತ್ರ. ಕ್ಲಬ್ಬಿನಲ್ಲೇ ಇರುವ ಟೈಲರು ತಾನೇ ಕೂತು ಹೊಲಿದದ್ದು. ಬೆನ್ನಿನ ಮೇಲಿರುವುದರಿಂದ ಅವರವರದು ಅವರವರಿಗೆ ಕಾಣುವುದಿಲ್ಲ. ವ್ಯಾನಿನಲ್ಲಿ ಕೂತ ನಾವು ದಾರಿಯುದ್ದಕ್ಕೂ ಅದನ್ನೇ ನೋಡಬೇಕು. ಅದು ಗಿಡುಗವಲ್ಲ, ಕಾವಿಗೆ ಕೂತ ಕೋಳಿ.

"ಗಿಡುಗದ ಕಾಲು ಹೆಂಗಿರತ್ತೆ ಅಂತ ನಮ್ಮೋರಿಗೆ ಗೊತ್ತಾಗ್ಲಿಲ್ಲ," ಎಂದಿದ್ದಳು ಟೈಲರನ ಹೆಂಡತಿ. "ಅದಕ್ಕೆ ಕೂರಿಸಿಬಿಟ್ರು."

ನಮ್ಮವರು ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಇಡೀ ಮೈದಾನ ಅವರ ಸೀಟಿಗೆ ಬಲಕ್ಕೆ ತಿರುಗುತ್ತಿತ್ತು. ರಿಟೈರಾದ ಹೊಸದರಲ್ಲಿ ಒಮ್ಮೆ ಮನೆಯೊಳಗೆ ಊದಿ ನೋಡಿದರು. ನಾನು ಕುಕ್ಕರ್ ಎಂದುಕೊಂಡು ಒಲೆ ಆರಿಸಿದೆ. ಅವತ್ತಿನಿಂದ ಸೀಟಿ ಮೊಳೆಗೆ ನೇತುಬಿತ್ತು, ಅವರು ಕುರ್ಚಿಗೆ ಬಿದ್ದರು. ಗೋಡೆ ನೋಡುತ್ತ ಕೂತಿರುತ್ತಿದ್ದರು. ಕುರ್ಚಿಗೆ ಅಂಟಿದ ಗಂಡಸು ಆಮೇಲೆ ಮಂಚಕ್ಕೆ ಅಂಟುತ್ತಾನೆ, ನಮ್ಮ ಮಾವನವರ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದು. ಈ ಕ್ಲಬ್ ಶುರುವಾಗಿ, ಸಾಲಿನ ತಲೆಯಲ್ಲಿ ಹೋಗುವ ಜಾಗ ಸಿಕ್ಕಿದ ಮೇಲೆಯೇ ಅವರು ಮತ್ತೆ ಬೆಳಿಗ್ಗೆ ಬೇಗ ಏಳತೊಡಗಿದ್ದು. ಹಾಗಾಗಿ ಕೋಳಿಯನ್ನು ಗಿಡುಗ ಎನ್ನಿ ಅಂದರೆ ನಾನು ಗಿಡುಗ ಎನ್ನುತ್ತೇನೆ. ನನಗೆ ಬೇಕಾದದ್ದು ಆ ಜಾಗ ಅವರಿಗೆ ಉಳಿಯುವುದು, ಅಷ್ಟೆ.

ಮೇಷ್ಟ್ರು ಅಂದ ಮೇಲೆ ನಿಯಮಗಳಿಗೆ ಬರವೇ? ಮುಂದಿನವನನ್ನು ಹಿಂದೆ ಹಾಕಬಾರದು. ಸೀಟಿ ಆಗದೆ ಹೊರಡಬಾರದು. ಎಲ್ಲಕ್ಕಿಂತ ದೊಡ್ಡ ನಿಯಮ, ನಿಂತಲ್ಲೇ ಗಾಡಿ ಬೀಳಿಸಿದವನು ಒಂದು ವರ್ಷ ವ್ಯಾನಿನಲ್ಲಿ ಬರಬೇಕು. ಇದು ಹಲ್ಲಿನ ಡಾಕ್ಟರಿಗಾಗಿ ಮಾಡಿದ್ದು. ಪೆಟ್ರೋಲ್ ಬಂಕಿನಲ್ಲಿ ಎಲ್ಲರೆದುರು ಗಾಡಿ ಕೆಡವಿ, ಪಕ್ಕದ ಗಾಡಿಯನ್ನೂ ಕೆಡವಿದ್ದರು. ಅವರ ವರ್ಷ ಮುಗಿದು ಎಷ್ಟೋ ಕಾಲವಾಯಿತು. ವ್ಯಾನಿನ ಹಿಂದಿನ ಸೀಟು, ದಿಂಬು, ಟೈಲರನ ಹೆಂಡತಿ ತರುವ ಬಿಸ್ಕತ್ತು, ಇಷ್ಟು ರುಚಿ ಹತ್ತಿದ ಮೇಲೆ ಅವರು ಇಳಿಯುವ ಮಾತೇ ಇಲ್ಲ. ಹೆಲ್ಮೆಟ್ ಮಾತ್ರ ತೆಗೆಯುವುದಿಲ್ಲ. ಬಿಸ್ಕತ್ತನ್ನು ಗಾಜು ಎತ್ತಿ ಒಳಗೆ ಹಾಕಿಕೊಳ್ಳುತ್ತಾರೆ. ಕೇಳಿದರೆ, "ರೂಲ್ ಅಂದ್ರೆ ರೂಲ್, ಅಕ್ಕಾವ್ರೆ," ಎನ್ನುತ್ತಾರೆ.

ಇನ್ನು ಒಂದು ನಿಮಿಷದ ಮೌನದ ವಿಷಯ.

ನಮ್ಮವರ ಬಲಮಂಡಿ ಕೆಟ್ಟು ಎರಡು ಮೂರು ವರ್ಷವಾಯಿತು. ಓಡುವ ಗಾಡಿಯ ಮೇಲೆ ಕೂತಿರಲು ತೊಂದರೆಯಿಲ್ಲ. ಹತ್ತುವುದೇ ಕಷ್ಟ. ಕಾಲನ್ನು ಸೀಟಿನ ಮೇಲಿಂದ ಆಚೆಗೆ ದಾಟಿಸಲು ಕೈಯಿಂದ ಪ್ಯಾಂಟು ಹಿಡಿದು ಎತ್ತಬೇಕು. ಅದನ್ನು ಯಾರಾದರೂ ನೋಡಿದರೆ? ಅದರಲ್ಲೂ ಸಾಲಿನಲ್ಲಿ ಎರಡನೆಯವರಾದ ಕಂಟ್ರಾಕ್ಟರು ನೋಡಿದರೆ? ಅವರ ಕಣ್ಣು ಮೊದಲಿನಿಂದಲೂ ಮೊದಲ ಜಾಗದ ಮೇಲೆ.

ಹೀಗಿರುವಾಗ ಒಂದು ಭಾನುವಾರ ನಮ್ಮವರು ಗಂಭೀರವಾಗಿ ಹೊಸ ಪದ್ಧತಿ ತಂದರು. ಪ್ರತಿ ಸಲ ಹೊರಡುವ ಮುನ್ನ, ನಮ್ಮನ್ನು ಅಗಲಿದ ಸವಾರರ ನೆನಪಿಗೆ ಒಂದು ನಿಮಿಷ ಮೌನ. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಬೇಕು. ಎರಡನೇ ಸೀಟಿ ಆಗುವವರೆಗೆ ಬಿಡಬಾರದು. ಎಲ್ಲರೂ ತಕ್ಷಣ ಒಪ್ಪಿದರು. ಅಷ್ಟು ಬೇಗ ಆ ಕ್ಲಬ್ಬಿನಲ್ಲಿ ಟೀ ಕುಡಿಯುವುದಕ್ಕೂ ಒಪ್ಪಿಗೆ ಆದದ್ದಿಲ್ಲ.

ಅಗಲಿದವರು ಯಾರು ಎಂದು ನಾನು ಮನೆಗೆ ಬಂದು ಕೇಳಿದೆ.

"ಪೋಸ್ಟ್ ಮಾಸ್ಟ್ರು," ಎಂದರು.

"ರೀ, ಅವ್ರು ಸತ್ತಿಲ್ಲ. ಗಾಡಿ ಮಾರಿ ಮಗಳ ಮನೆಗೆ ಹೋಗಿದ್ದಾರೆ."

"ಅಗಲಿದ್ದಾರೋ ಇಲ್ವೋ?"

"ಅಗಲಿದ್ದಾರೆ."

"ಮತ್ತೆ."

ವ್ಯಾನಿನಲ್ಲಿರುವವರಿಗೆ ಕಣ್ಣು ಮುಚ್ಚುವ ನಿಯಮವಿಲ್ಲ. ಮೊದಲ ದಿನವೇ ಗಾಜಿನಾಚೆ ನೋಡಿ ನಾನೂ ಟೈಲರನ ಹೆಂಡತಿಯೂ ಬಾಯಿಗೆ ಸೆರಗು ಒತ್ತಿಕೊಂಡೆವು. ಎಲ್ಲರೂ ಕಣ್ಣು ಮುಚ್ಚಿದ್ದರು, ಹೌದು. ಎಲ್ಲರೂ ಆ ಒಂದು ನಿಮಿಷದಲ್ಲಿ ಗಾಡಿ ಹತ್ತುತ್ತಿದ್ದರು. ಟೈಲರು ಒಂದು ಕಲ್ಲಿನ ಮೇಲೆ ನಿಂತು ಹತ್ತಿದ. ಮರಿ ಸೀಟಿನ ಮೇಲೆ ಹೊಟ್ಟೆ ಹಾಕಿ ಮಗುಚಿಕೊಂಡ. ಕಂಟ್ರಾಕ್ಟರು ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕಟ್ಟಡದ ಸಾರುವೆ ಹತ್ತುವಂತೆ ಹತ್ತಿದರು. ಒಬ್ಬೊಬ್ಬರೂ ಹತ್ತಲಾಗದವನು ತಾನೊಬ್ಬನೇ ಎಂದುಕೊಂಡಿದ್ದರು. ಎರಡನೇ ಸೀಟಿಯಾದಾಗ ಕಣ್ಣು ಬಿಟ್ಟು, ಎಲ್ಲರೂ ಗಾಡಿಯ ಮೇಲಿರುವುದನ್ನು ಕಂಡು ಯಾರಿಗೂ ಅನುಮಾನ ಬರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಎಲ್ಲರೂ ಕಳ್ಳರಾದರೆ ಹುಳಿ ಗೊತ್ತೇ ಆಗುವುದಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕಳೆದ ತಿಂಗಳು ದೂರದ ಸವಾರಿ ಹೊರಟೆವು. ಬೆಟ್ಟದ ತಿರುವುಗಳು ಮುಗಿಯುವಲ್ಲಿ ಒಂದು ಟೀ ಅಂಗಡಿ. ಮುಂದೆ ಇಳಿಜಾರು, ಹೊಸದಾಗಿ ಸುರಿದ ಸಡಿಲ ಜಲ್ಲಿ. ಟೀ ಆಯಿತು, ಆಯಿಲಿನ ಮಾತಾಯಿತು. ಅಂಗಡಿಯ ಹೆಂಗಸಿಗೆ ಕಂಟ್ರಾಕ್ಟರು ಮೌನದ ಪದ್ಧತಿಯನ್ನೂ ಅಗಲಿದ ಪೋಸ್ಟ್ ಮಾಸ್ಟರರ ಒಳ್ಳೆಯತನವನ್ನೂ ಬಣ್ಣಿಸಿ ಹೇಳಿದರು. ಆಕೆ ಪಾಪ, ಕಣ್ಣು ತೇವ ಮಾಡಿಕೊಂಡಳು.

ನಮ್ಮವರು ಮೊದಲ ಸೀಟಿ ಊದಿದರು. ಎಲ್ಲರೂ ತಲೆ ತಗ್ಗಿಸಿದರು.

ಅಷ್ಟರಲ್ಲಿ ಅಂಗಡಿಯ ಪಕ್ಕದ ಓಣಿಯಿಂದ ಕೈಚೀಲ ಹಿಡಿದ ಒಬ್ಬರು ಬಂದರು. ನೋಡಿದರೆ ಪೋಸ್ಟ್ ಮಾಸ್ಟರು. ಮಗಳ ಮನೆ ಅಲ್ಲೇ ಹತ್ತಿರವಂತೆ. ನಾವು ಬರುವುದು ಯಾರಿಂದಲೋ ತಿಳಿದು, ಹೇಳದೇ ಬಂದು ಖುಷಿಪಡಿಸೋಣ ಎಂದುಕೊಂಡಿದ್ದರಂತೆ. ಸಾಲುಸಾಲಾಗಿ ಕಣ್ಣು ಮುಚ್ಚಿ ಕಾಲೆತ್ತುತ್ತಿದ್ದ ಗೆಳೆಯರನ್ನು ಕಂಡು ಅವರು ಅಲ್ಲೇ ನಿಂತುಬಿಟ್ಟರು. ವ್ಯಾನ್ ಅಂಗಡಿಗೆ ಒತ್ತಿ ನಿಂತಿತ್ತು, ಮಾತೆಲ್ಲ ನನಗೆ ಕೇಳುತ್ತಿತ್ತು.

"ಏನಮ್ಮಾ ಇದು?" ಎಂದು ಅಂಗಡಿಯಾಕೆಯನ್ನು ಕೇಳಿದರು.

"ಶ್, ಮೆಲ್ಲಗೆ. ಅವ್ರ ಸ್ನೇಹಿತರು ತೀರ್ಕೊಂಡ್ರಂತೆ. ಅವ್ರಿಗೋಸ್ಕರ."

"ಯಾರು ಪಾಪ?"

"ಯಾರೋ ಪೋಸ್ಟ್ ಮಾಸ್ಟ್ರಂತೆ. ತುಂಬಾ ಒಳ್ಳೇವ್ರಂತೆ."

ನಾನು ಕಿಟಕಿಯಿಂದ ಕೈ ಬೀಸಿದೆ, ತುಟಿಗೆ ಬೆರಳಿಟ್ಟು ತೋರಿಸಿದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಎರಡು ಹೆಜ್ಜೆ ಮುಂದೆ ಬಂದು, ಪಾರ್ಸೆಲ್ ಬಂದವರನ್ನು ಕೌಂಟರಿನಿಂದ ಕೂಗುತ್ತಿದ್ದ ಅದೇ ದನಿಯಲ್ಲಿ ಕೇಳಿದರು: "ಲೋ ಮೇಷ್ಟ್ರೇ, ನಾನ್ಯಾವಾಗ ಸತ್ತೆ?"

ನಮ್ಮವರ ಎಡಗಾಲು ಫುಟ್‌ರೆಸ್ಟ್ ಮೇಲಿತ್ತು. ಬಲಗಾಲು ಅವರ ಕೈಯಲ್ಲಿತ್ತು. ಸತ್ತವರ ದನಿ ಕೇಳಿ ಅವರು ಬೆಚ್ಚಿದರು, ಸೈಡ್ ಸ್ಟ್ಯಾಂಡ್ ಜಲ್ಲಿಯಲ್ಲಿ ಕುಸಿಯಿತು, ಗಾಡಿಯೂ ಯಜಮಾನರೂ ನಿಧಾನವಾಗಿ ಎಡಕ್ಕೆ ಮಲಗಿದರು. ಇಂಜಿನ್ ಮುಂದಿನ ಕಬ್ಬಿಣದ ಗಾರ್ಡ್ ತಡೆದದ್ದರಿಂದ ಮೂಳೆ ಉಳಿಯಿತು. ಬೂಟು ಮಾತ್ರ ಕೆಳಗೆ ಸಿಕ್ಕಿಕೊಂಡಿತು.

ನಾನು ಇಳಿದು ಓಡಿದೆ. ಪೋಸ್ಟ್ ಮಾಸ್ಟರೂ ನಾನೂ ಸೇರಿ ಗಾಡಿ ಎತ್ತಿದೆವು. ನಮ್ಮವರಿಗೆ ಏಟಾಗಿರಲಿಲ್ಲ. ಆದರೆ ಮುಖ ನೋಡಿದೆ, ಅದು ಆ ಗೋಡೆ ನೋಡುತ್ತಿದ್ದ ಮುಖ.

"ಹೇಳೋಕೆ ಸಂಕಟ ಆಗತ್ತೆ ಮೇಷ್ಟ್ರೇ," ಎಂದು ಕಂಟ್ರಾಕ್ಟರು ಶುರು ಮಾಡಿದರು. ಮುಖದಲ್ಲಿ ಸಂಕಟದ ಸುಳಿವಿರಲಿಲ್ಲ. "ನಿಂತಲ್ಲೇ ಬಿದ್ದಿದೆ. ರೂಲ್ ನೀವೇ ಮಾಡಿದ್ದು."

ನಮ್ಮವರು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕುಂಟುತ್ತ ವ್ಯಾನಿನ ಕಡೆ ಹೋದರು, ಬಾಗಿಲು ತೆಗೆದರು. ಹಲ್ಲಿನ ಡಾಕ್ಟರು ಒಳಗಿನಿಂದ ದಿಂಬನ್ನು ಎದೆಗೆ ಅವಚಿಕೊಂಡರು. "ಇಲ್ಲಿ ಜಾಗ ಇಲ್ಲ ಮೇಷ್ಟ್ರೇ. ನನ್ನ ಶಿಕ್ಷೆ ಇನ್ನೂ ಮುಗಿದಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ವರ್ಷಗಟ್ಟಲೆ ಸ್ಕೂಲ್ ವ್ಯಾನ್ ಓಡಿಸಿದವಳಿಗೆ ಕಿಟಕಿ ಸೀಟಿನ ಜಗಳ ಬಿಡಿಸುವುದು ಗೊತ್ತಿರುತ್ತದೆ.

"ಕಂಟ್ರಾಕ್ಟ್ರೇ," ಎಂದೆ, "ನಮ್ಮೋರು ಬಿದ್ದಿದ್ದು ನೀವು ನೋಡಿದ್ರಾ?"

"ಕಣ್ಣಾರೆ ನೋಡಿದ್ದೀನಿ."

"ಎರಡನೇ ಸೀಟಿ ಆಗಿತ್ತಾ?"

ಅವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡರು.

"ಅಂದ್ರೆ ಅಗಲಿದೋರ ಮೌನದಲ್ಲಿ ನೀವು ಕಣ್ಣು ಬಿಟ್ಕೊಂಡು ಇದ್ರಿ."

"ಛೆ, ಛೆ. ಸದ್ದು ಕೇಳಿಸ್ತು."

"ಸದ್ದು ನೂರಿರತ್ತೆ. ನೋಡಿದೋರು ಯಾರಾದ್ರೂ ಇದ್ರೆ ಹೇಳಿ."

ಎಲ್ಲರೂ ನೆಲ ನೋಡಿದರು. ಟೈಲರು ತಾನು ಹತ್ತಿ ನಿಂತಿದ್ದ ಕಲ್ಲನ್ನು ಬೂಟಿನಿಂದ ಮೆಲ್ಲಗೆ ಆಚೆ ದೂಡಿದ.

"ನಾನು ನೋಡಿದೆ," ಎಂದರು ಪೋಸ್ಟ್ ಮಾಸ್ಟರು, ಸತ್ಯವಂತರು.

"ನೀವು ಸುಮ್ನಿರಿ ಅಣ್ಣ," ಎಂದೆ. "ಈ ಕ್ಲಬ್ಬಿನ ಲೆಕ್ಕದಲ್ಲಿ ನೀವು ಇಲ್ಲ. ಇಲ್ಲದೋರ ಸಾಕ್ಷಿ ಎಲ್ಲಿ ನಡೆಯತ್ತೆ?"

ವ್ಯಾನಿನೊಳಗೆ ಟೈಲರನ ಹೆಂಡತಿ ಕೆಮ್ಮಿದಳು. ಕೆಮ್ಮಿಗೆ ಮೈಯೆಲ್ಲ ಹಾಗೆ ಅಲುಗಾಡುವುದಿಲ್ಲ, ಅದು ನಗು. ಕಂಟ್ರಾಕ್ಟರು, "ಆಯ್ತು ಬಿಡಿ, ನಾನೇನು ಹಟಕ್ಕೆ ಹೇಳಿದ್ದಾ. ಹೊರಡೋಣ," ಎಂದರು.

ಹೊರಡೋಣ ಎಂದರೇನೋ ಸರಿ, ಹತ್ತುವುದು ಹೇಗೆ? ಆ ಕೂಗಿಗೆ ಅರ್ಧ ಹತ್ತಿದವರೂ ಇಳಿದುಬಿಟ್ಟಿದ್ದರು. ಇನ್ನೊಂದು ಮೌನ ಮಾಡೋಣವೆಂದರೆ ಅಗಲಿದವರು ಬೆಂಚಿನ ಮೇಲೆ ಕೂತು ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದಾರೆ. ಒಬ್ಬೊಬ್ಬರೂ ಅವರವರ ಗಾಡಿಯ ಪಕ್ಕ ನಿಂತು, ಬೇರೆಯವರು ಮೊದಲು ಹತ್ತಲಿ ಎಂದು ಕಾದರು. ಒಬ್ಬರು ಚೈನ್ ನೋಡಿದರು. ಒಬ್ಬರು ಕೈಗವಸು ಹಾಕಿ, ತೆಗೆದು, ಮತ್ತೆ ಹಾಕಿದರು. ಕಂಟ್ರಾಕ್ಟರು ಅಂಗಡಿಯ ಗೋಡೆಯನ್ನು ಆಸೆಯಿಂದ ನೋಡಿದರು. ಅಲ್ಲಿ ನನ್ನ ವ್ಯಾನ್ ನಿಂತಿತ್ತು.

"ಏನಯ್ಯಾ, ಬೇರೆ ಯಾರಾದ್ರೂ ಸಾಯ್ಲಿ ಅಂತ ಕಾಯ್ತಿದ್ದೀರಾ?" ಎಂದರು ಪೋಸ್ಟ್ ಮಾಸ್ಟರು.

ವ್ಯಾನಿನಲ್ಲಿ ಒಂದು ಮರದ ಸ್ಟೂಲ್ ಇದೆ. ಪುಟ್ಟ ಮಕ್ಕಳು ಹತ್ತಲೆಂದು ಮಾಡಿಸಿದ್ದು. ಹಳದಿ ಬಣ್ಣ, ಮೇಲೆ ಒಂದು ಬಾತುಕೋಳಿ. ಈಗ ಹಲ್ಲಿನ ಡಾಕ್ಟರು ಅದನ್ನು ಮೆಟ್ಟಿ ಒಳಗೆ ಹತ್ತುತ್ತಾರೆ. ಅದನ್ನು ತಂದು ನಮ್ಮವರ ಗಾಡಿಯ ಪಕ್ಕ, ಎಲ್ಲರ ಕಣ್ಣೆದುರಿಗೆ ಇಟ್ಟೆ.

"ತೆಗಿ ಅದನ್ನ," ಎಂದರು ನನ್ನ ಹಿಂದೆಯೇ ಬಂದ ನಮ್ಮವರು, ಹಲ್ಲು ಕಚ್ಚಿ.

"ಅಟ್ಟದ ಮೇಲಿನ ಡಬ್ಬಿ ಇಳಿಸೋಕೆ ಸ್ಟೂಲ್ ಹತ್ತಲ್ವಾ ಮನೇಲಿ?"

"ಅಲ್ಲಿ ಯಾರೂ ನೋಡಲ್ಲ."

"ನಾನು ನೋಡ್ತೀನಲ್ರೀ."

"ನೀನು ಬಿಡು."

"ಬಿಟ್ಟೆ. ಇವ್ರನ್ನೂ ಬಿಡಿ. ಯಾರು ಹೆಂಗೆ ಹತ್ತುತ್ತಾರೆ ಅಂತ ಇಷ್ಟು ದಿನದಿಂದ ನೋಡ್ತಾ ಬಂದಿದ್ದೀನಿ, ನನ್ನ ಬಾಯಿಂದ ಹೇಳಿಸ್ಬೇಡಿ." ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಸಾಲಿನುದ್ದಕ್ಕೂ ಕೈಗವಸುಗಳು ನಿಂತವು. ಆಮೇಲೆ ಅವರಿಗೆ ಮಾತ್ರ ಕೇಳುವಂತೆ, "ಮನೆಗೆ ಹೋದ್ರೆ ಕುರ್ಚಿ ಕಾಯ್ತಾ ಇದೆ. ಯಾವ್ದು ಬೇಕು ನೋಡಿ," ಎಂದೆ.

ಅವರು ನನ್ನನ್ನು ನೋಡಿದರು. ಬಾತುಕೋಳಿಯನ್ನು ನೋಡಿದರು. ಹೆಲ್ಮೆಟ್ ಹಾಕಿ ಬೆಲ್ಟು ಬಿಗಿದರು. ಸ್ಟೂಲಿನ ಮೇಲೆ ಎಡಗಾಲಿಟ್ಟು ಎದ್ದು ನಿಂತು, ಬಲಗಾಲನ್ನು ಪ್ಯಾಂಟು ಹಿಡಿದೇ ಎತ್ತಿ ಆಚೆ ದಾಟಿಸಿದರು. ಯಾರೂ ನಗಲಿಲ್ಲ. ಕೂತು, ಕನ್ನಡಿ ಸರಿಮಾಡಿ, ಹಿಂದೆ ತಿರುಗದೆ ಹೇಳಿದರು: "ಸ್ಟೂಲ್ ಹಿಂದಕ್ಕೆ ಪಾಸ್ ಮಾಡಿ."

ಅದು ಹೋದದ್ದೇ ತಡ, ಜಗಳ ಎದ್ದಿತು. ಎರಡನೆಯವನು ನಾನು, ಮೊದಲು ನನಗೆ ಎಂದರು ಕಂಟ್ರಾಕ್ಟರು. ನನಗೆ ಎರಡೂ ಮಂಡಿ ಎಂದ ಟೈಲರು. ನನಗೆ ಬೇಕಾಗಿಯೇ ಇಲ್ಲ ಎಂದ ಮರಿ, ಹೊಟ್ಟೆ ಹಾಕಿ ಮಗುಚಿಕೊಳ್ಳಲು ಹೋಗಿ ಎಲ್ಲರೂ ನೋಡುತ್ತಿರುವುದು ನೆನಪಾಗಿ ಸಾಲಿನ ಕೊನೆಗೆ ಬಂದು ನಿಂತ. ನನ್ನ ಎಲ್‌ಕೆಜಿ ಮಕ್ಕಳು ಇದಕ್ಕಿಂತ ಚೆನ್ನಾಗಿ ಸಾಲು ನಿಲ್ಲುತ್ತಿದ್ದರು. ಬೆನ್ನ ಮೇಲೆ ಕೋಳಿ ಹೊತ್ತವರು ಒಬ್ಬರಾದ ಮೇಲೆ ಒಬ್ಬರು ಬಾತುಕೋಳಿಯನ್ನು ಮೆಟ್ಟಿ ಗಾಡಿ ಏರಿದರು.

ಈಗ ಸ್ಟೂಲಿಗೂ ನಿಯಮಗಳಾಗಿವೆ. ಮೊದಲು ಅಧ್ಯಕ್ಷರು. ಬೂಟು ಒರೆಸಿಕೊಂಡು ಹತ್ತಬೇಕು. ಒಬ್ಬರು ಹತ್ತುವಾಗ ಇನ್ನೊಬ್ಬರು ಸಲಹೆ ಕೊಡಬಾರದು. ಈ ಕೊನೆಯದನ್ನು ಯಾರೂ ಪಾಲಿಸುವುದಿಲ್ಲ. ಮೌನವನ್ನು ಕೈಬಿಟ್ಟಿದ್ದಾರೆ. ಆ ಒಂದು ನಿಮಿಷವನ್ನು ನಡೆಸಿಕೊಂಡೇ ಹೋಗಬಹುದಿತ್ತು, ತನಗೇನೂ ಅಡ್ಡಿಯಿರಲಿಲ್ಲ ಎಂದು ಪೋಸ್ಟ್ ಮಾಸ್ಟರು ಫೋನಿನಲ್ಲಿ ಹೇಳುತ್ತಿರುತ್ತಾರೆ.

ಭಾನುವಾರ ಬೆಳಿಗ್ಗೆ ನಮ್ಮವರು ಈಗಲೂ ನನಗಿಂತ ಮೊದಲೇ ಎದ್ದು, ಸ್ಟೂಲನ್ನು ತಾವೇ ಒರೆಸಿ ವ್ಯಾನಿನಲ್ಲಿ ಇಡುತ್ತಾರೆ. ಗೊಣಗಾಟ ಹಲ್ಲಿನ ಡಾಕ್ಟರದೊಂದೇ. ಸ್ಟೂಲ್ ಸಾಲಿನ ಕೊನೆ ಮುಟ್ಟಿ ತಮ್ಮ ಹತ್ತಿರ ಬರುವಷ್ಟರಲ್ಲಿ ಬಿಸ್ಕತ್ತು ಮುಗಿದಿರುತ್ತದಂತೆ.