ಎಮ್ಮೆ ಒದ್ದ ಗಾಯ

ಎಪ್ಪತ್ತೆಂಟರ ಮಾತು. ಹೊನ್ನಾಳಿ ಸೀಮೆಯ ಆ ಹಳ್ಳಿ ಆಸ್ಪತ್ರೆಯ ನರ್ಸು ರುದ್ರಾಣಿ ಜಗಳೂರಿನವಳು, ಒಂಟಿ ಹೆಣ್ಣು. ಊರು ಅವಳಿಗೆ ಕೈಮುಗಿಯುತ್ತಿತ್ತೇ ಹೊರತು ಮಾತಿಗೆ ಕೂರುತ್ತಿರಲಿಲ್ಲ. ಕೂರುತ್ತಿದ್ದವಳು ಹುಲಿಗೆಮ್ಮ ಒಬ್ಬಳೇ. ಹಾಲು ಹಾಕಲು ಬಂದವಳು ಮೆಟ್ಟಿಲ ಮೇಲೆ ಕೂತು, ಊರ ಸುದ್ದಿಯನ್ನೆಲ್ಲ ಬಿಚ್ಚಿ, ಚಹಾ ಕುಡಿದೇ ಏಳುತ್ತಿದ್ದಳು. ಎಮ್ಮೆ ಮಾರಿದ ಮೇಲೆ ಹಾಲು ನಿಂತಿತು, ಅವಳು ಬರುವುದು ನಿಲ್ಲಲಿಲ್ಲ. ಕರಿ ಚಹಾ ಕುಡಿದು ಇಬ್ಬರೂ ನಗುತ್ತಿದ್ದರು.

ಗಂಡ ಹೊಡೆದರೆ ಅಲ್ಲಿನ ಹೆಂಗಸರು ಹೇಳುವುದು ಒಂದೇ ಮಾತು: ಎಮ್ಮೆ ಒದೀತು. ಹೊಡೆತದ ಗಾಯವಾದರೆ ಆಸ್ಪತ್ರೆಯವರು ಪೊಲೀಸರಿಗೆ ಹೇಳಿ ಕಳಿಸಲೇಬೇಕು, ಕಾಯಿದೆ. ಎಮ್ಮೆಗೆ ಯಾವ ಕಾಯಿದೆ? ಆ ಮೂಕ ಪ್ರಾಣಿಗಳು ಎಷ್ಟು ಗಂಡಸರ ಪಾಪ ಹೊತ್ತವೋ, ಶಿವನೇ ಬಲ್ಲ!

ಒಂದು ದಿನ ಹುಲಿಗೆಮ್ಮನೇ ಎಡಗೈ ಮುರಿದುಕೊಂಡು ಬಂದಳು.

“ಎಮ್ಮೆ ಒದೀತ್ರೀ ಅಕ್ಕಾರೇ.”

“ಯಾವ ಎಮ್ಮೆನೇ ಹುಲಿಗೀ? ಮಾರಿ ಆತಲ್ಲ.”

ಹುಲಿಗೆಮ್ಮನ ಮುಖ ಸಣ್ಣದಾಯಿತು. “ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರೆ ಅವನು ನನ್ನ ಇತ್ಲಾಗೆ ಬರಾಕೇ ಬಿಡಾಕಿಲ್ಲ.”

ಕಂಡೂ ಕಂಡೂ ಸುಮ್ಮನಿದ್ದರೆ ಈ ಬಿಳಿ ಸೀರೆ ಯಾತಕ್ಕೆ? ರುದ್ರಾಣಿ ಡಾಕ್ಟರಿಗೆ ಹೇಳಿಬಿಟ್ಟಳು. ಪೊಲೀಸರು ಬಂದು ಗಂಡ ದುರುಗಪ್ಪನನ್ನು ಒಯ್ದರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಊರ ಹಿರಿಯರು ಬಿಡಿಸಿಕೊಂಡು ಬಂದರು. ಗಾದೆ ಕಟ್ಟಿದವನ ಕೈಯನ್ನು ಯಾರೂ ಮುರಿದಿರಲಿಲ್ಲ ಬಿಡಿ.

ಮೆಟ್ಟಿಲು ಬರಿದಾಯಿತು. ರುದ್ರಾಣಿ ಆಗಲೂ ಎರಡು ಲೋಟ ಚಹಾ ಸೋಸುವಳು, ಒಂದನ್ನು ಚೆಲ್ಲುವಳು. ಅತ್ತರೆ ಯಾಕೆಂದು ಕೇಳುವವರಿರಲಿಲ್ಲ.

ಮುಂಗಾರಿನ ಹೊತ್ತಿಗೆ ಹುಲಿಗೆಮ್ಮ ಮತ್ತೆ ಬಂದಳು. ಈ ಸಲ ಬಲಗೈ ಬಾತಿತ್ತು, ಎಡಗೈಯಲ್ಲಿ ಹಾಲಿನ ತಂಬಿಗೆ.

“ಎಮ್ಮೆ ಒದೀತು,” ಎಂದವಳು ಕಣ್ಣು ತಪ್ಪಿಸಿದಳು. “ಈಗ ಮನ್ಯಾಗೆ ಎಮ್ಮೆ ಐತ್ರೀ ಅಕ್ಕಾರೇ. ಠಾಣೆಯಿಂದ ಬಂದವನೇ ಮೊದಲು ಅದನ್ನ ಕೊಂಡು ತಂದ. ಅದು ಈಗ ಹಾಲಿಗೆ ಬಂದೈತಿ. ಹಾಲು ಹಾಕಾಕೆ ಅಂದ್ರೆ ನನ್ನ ಇತ್ಲಾಗೂ ಬಿಡ್ತಾನೆ.”

ಒಳಗಿನಿಂದ ಡಾಕ್ಟರು ಕೇಳಿದರು: “ಏನಾಗಿದೆ ಸಿಸ್ಟರ್?”

ಹುಲಿಗೆಮ್ಮ ರುದ್ರಾಣಿಯನ್ನೇ ನೋಡುತ್ತಿದ್ದಳು. ಹೇಳಿದರೆ ಇವಳು ಮತ್ತೆ ಬರುವುದಿಲ್ಲ. ಮುಂದಿನ ಗಾಯಕ್ಕೂ ಬರುವುದಿಲ್ಲ.

“ಎಮ್ಮೆ ಒದೀತಂತೆ ಸರ್,” ಎಂದಳು ರುದ್ರಾಣಿ.

ಪಟ್ಟಿ ಕಟ್ಟಿಸಿಕೊಂಡ ಹುಲಿಗೆಮ್ಮ ಮೆಟ್ಟಿಲ ಮೇಲೆ ಕೂತು, ಮೊದಲಿನ ಹಾಗೇ ಊರ ಸುದ್ದಿ ಬಿಚ್ಚಿದಳು. ರುದ್ರಾಣಿ ಹೂಂಗುಟ್ಟುತ್ತಿದ್ದಳು. ಗೆಳತಿ ಪಕ್ಕದಲ್ಲೇ ಇದ್ದಳು. ಆದರೂ ತಾನು ಅಷ್ಟು ಒಂಟಿ ಎಂದು ರುದ್ರಾಣಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅವಳ ಲೋಟದ ಚಹಾ ಹಾಗೇ ಆರಿ, ಮೇಲೆ ಎಮ್ಮೆ ಹಾಲಿನ ದಪ್ಪ ಕೆನೆ ಕಟ್ಟಿತು.