ಸ್ಪಿಟ್‌ಫೈರಿನ ಎಡಗಾಲು

ನಮ್ಮಪ್ಪನ ಕಾರನ್ನು ನಡುಮಧ್ಯಕ್ಕೆ ಕತ್ತರಿಸಿ, ಮುಂದಿನ ಅರ್ಧವನ್ನು ಹೈದರಾಬಾದಿನ ಮಾದಾಪುರದ ರೆಸ್ಟೋರೆಂಟೊಂದರ ಗೋಡೆಗೆ ಹಾಕುತ್ತಾರೆ ಎಂದು ನನಗೆ ಹೇಳಿದವನು ನನ್ನ ಸ್ವಂತ ಅಣ್ಣ ಸೂರ್ಯಕಾಂತ. ಅದೂ ಊಟಕ್ಕೆ ಕುಳಿತು, ರೊಟ್ಟಿ ಮುರಿಯುತ್ತ, ಮನೆಗೆ ಸುಣ್ಣ ಹೊಡೆಸುವ ವಿಷಯ ಹೇಳಿದಷ್ಟೇ ಹಗುರಾಗಿ. ರೆಸ್ಟೋರೆಂಟಿನ ಮಾಲೀಕ ವೈಜನಾಥ ಅವನ ಗೆಳೆಯ. ಹೆಡ್‌ಲೈಟು ಉರಿಯುವ ಹಾಗೆ ಮಾಡುತ್ತಾನಂತೆ, ಕೆಳಗೆ ಅಪ್ಪನ ಹೆಸರಿನ ಫಲಕ ಹಾಕಿಸುತ್ತಾನಂತೆ. ಜನ ಅದರಡಿ ಕುಳಿತು ಬಿರಿಯಾನಿ ತಿನ್ನುತ್ತಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಅಪ್ಪ ಶಾಂತಕುಮಾರ ಕಲಬುರಗಿಯಿಂದ ಬಂದು ಹೈದರಾಬಾದಿನ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆದವರು. ನಾರಾಯಣಗೂಡದಲ್ಲಿ ಮನೆ ಮಾಡುವ ಮೊದಲೇ ಕಾರು ಮಾಡಿದವರು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಡಾಕ್ಟರರಿಂದ ಕೊಂಡ ಟ್ರಯಂಫ್ ಸ್ಪಿಟ್‌ಫೈರ್ ಅದು. ಇಂಗ್ಲೆಂಡಿನದು, ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆ. ಆದರೆ ಇಂಗ್ಲೆಂಡಿನ ಗಾಡಿಯ ಸಾಮಾನು ಇಂಗ್ಲೆಂಡಿನಿಂದಲೇ ಬರಬೇಕು ಎಂಬ ಮಾತನ್ನು ಅವರು ಎಂದೂ ಒಪ್ಪಲಿಲ್ಲ. ಹಿಂದೆ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದರ ಒಡಹುಟ್ಟಿದ್ದು. ಅದರ ಸಾಮಾನು ಇದಕ್ಕೆ ಕೂರುತ್ತದೆ. ಹೀಗಾಗಿ ಬೇರೆಯವರ ಅಪ್ಪಂದಿರು ಭಾನುವಾರ ಕಾಯಿಪಲ್ಯಕ್ಕೆ ಹೋದರೆ ನಮ್ಮಪ್ಪ ಪುತ್ಲಿಬೌಲಿಯ ಹಳೇ ಸಾಮಾನಿನ ಅಂಗಡಿಗಳಿಗೆ ಹೋಗುತ್ತಿದ್ದರು. ನಾನು ಹಿಂದೆ. ಗಣಿತ ಕಲಿಸಿ ಹೊಟ್ಟೆ ಹೊರೆಯುವ ನನಗೆ ಸ್ಪ್ಯಾನರ್ ಹಿಡಿಯಲು ಬರುವುದು ಹಾಗೆ.

ಅಪ್ಪ ಹಾಸಿಗೆ ಹಿಡಿದ ಮೇಲೆ ಗಾಡಿ ಅಣ್ಣನ ಕೈಗೆ ಹೋಯಿತು. ಅವನಿಗೆ ಅದರ ಮೇಲೆ ಭಕ್ತಿ. ಭಕ್ತಿ ಎಂದರೆ ಭಕ್ತಿಯೇ: ಪ್ರತಿವರ್ಷ ಆಯುಧಪೂಜೆಗೆ ತಾನೇ ತೊಳೆದು, ವಿಭೂತಿ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅದಕ್ಕೂ ಮೊದಲು ಗಾಡಿಯ ಕೀಲುಕೀಲಿಗೂ ಗ್ರೀಸು ತುಂಬುತ್ತಿದ್ದ. ಹಬ್ಬದ ದಿನ ದೇವರಿಗೆ ಎಣ್ಣೆ ಎರೆದ ಹಾಗೆ, ಕೈ ಬಿಚ್ಚಿ. ಆದರೆ ಈ ಗಾಡಿಯಲ್ಲಿ ಒಂದು ಜಾಗಕ್ಕೆ ಗ್ರೀಸು ಆಗಿಬರುವುದಿಲ್ಲ. ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತುಂಡಿಗೆ ನಮ್ಮ ಮನೆಯಲ್ಲಿ ಕಾಲು ಎನ್ನುತ್ತಿದ್ದೆವು. ಆ ಕಾಲಿನ ಪಾದ ಹಿತ್ತಾಳೆಯ ಗೂಡಿನೊಳಗೆ ಥ್ರೆಡ್ಡಿನ ಮೇಲೆ ತಿರುಗುತ್ತದೆ. ಅಲ್ಲಿಗೆ ಗೇರ್ ಎಣ್ಣೆಯೇ ಬೇಕು. ಗ್ರೀಸು ಹಾಕಿದರೆ ಅದು ಒಳಗೆ ಇಳಿಯದೆ ಬಾಯಲ್ಲೇ ಒಣಗಿ ಕೂರುತ್ತದೆ, ಒಳಗೆ ನೀರು ನಿಂತು ತುಕ್ಕು ತಿನ್ನುತ್ತದೆ.

ಅಪ್ಪ ತೀರಿಕೊಂಡ ಮರುವರ್ಷ, ಬೇಸಿಗೆಯಲ್ಲಿ, ಅಣ್ಣ ಅವ್ವನನ್ನು ಕೂರಿಸಿಕೊಂಡು ಲಕಡಿಕಾಪುಲ್ ಹತ್ತಿರ ತಿರುಗುವಾಗ ಎಡಗಡೆಯ ಕಾಲು ಮುರಿಯಿತು. ಚಕ್ರ ಮಡಚಿ ಒಳಗೆ ಹೋಯಿತು, ಗಾಡಿ ಮೂತಿ ಊರಿ ನಿಂತಿತು. ಅವ್ವನಿಗೆ ಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದದ್ದೆಲ್ಲ ಅಣ್ಣನಿಗೆ. ಅವತ್ತೇ ಗಾಡಿಯನ್ನು ನಾನೂ ಅವ್ವನೂ ಇರುವ ನಾರಾಯಣಗೂಡದ ಮನೆಗೆ ಎಳೆಸಿ ತಂದು ಮೇಲೆ ತಾಡಪಾಲು ಎಳೆದ, ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಗೋಡೆಯ ಮಾತು ಬಂದಾಗ ನಾನು ಆ ಮುರಿದ ಕಾಲನ್ನು ಬಿಚ್ಚಿ ತಂದು ಅವನ ಮುಂದೆ ಇಟ್ಟೆ. ಥ್ರೆಡ್ಡಿನಲ್ಲಿ ಒಣಗಿದ ಗ್ರೀಸನ್ನು ಉಗುರಿನಿಂದ ಕೆರೆದು ತೋರಿಸಿ, ಗಾಡಿಯ ತಪ್ಪಲ್ಲ, ನಿನ್ನ ಪೂಜೆಯ ತಪ್ಪು ಎಂದೆ. ಅಷ್ಟು ಖಾರವಾಗಿ ಹೇಳಬೇಕಿರಲಿಲ್ಲ ಎಂದು ಅವ್ವ ಸುಂದರಾಬಾಯಿ ಆಮೇಲೆ ಬೈದಳು. ನನಗೆ ಹಾಗೆ ಅನ್ನಿಸಲಿಲ್ಲ. ಕತ್ತರಿಸಲು ಹೊರಟವನ ಹತ್ತಿರ ಮೆತ್ತಗೆ ಏನು ಮಾತಾಡುವುದು?

ಅಣ್ಣ ತುಂಡನ್ನು ಮುಟ್ಟಲಿಲ್ಲ. ಆಮೇಲೆ ಹೇಳಿದ: "ದಸರಾ ದಿನ ಅದು ತನ್ನ ಕಾಲಮ್ಯಾಲ ಮೆಹದಿಪಟ್ಟಣಕ್ಕ, ನಮ್ಮನಿ ಬಾಗಲಿಗೆ ಬರ್ಲಿ. ಬಂದ್ರ ನೀನ ಇಟ್ಕೊ. ಬರಲಿಲ್ಲಂದ್ರ ಮರುದಿನ ವೈಜನಾಥನ ಮಂದಿ ಬಂದು ಒಯ್ತಾರ. ಇನ್ನೊಂದು ಮಾತು, ಅವ್ವನ್ನ ಮಾತ್ರ ಅದರಾಗ ಕೂಡ್ರಸಬ್ಯಾಡ."

ಆಗಲಿ ಎಂದೆ. ಮರುದಿನದಿಂದಲೇ ಕಾಲು ಹುಡುಕಲು ಹೊರಟೆ. ಇಂಗ್ಲೆಂಡಿನ ಅಂಗಡಿಗೆ ಬರೆದರೆ, ಅಷ್ಟು ಹಳೆಯ ಮಾದರಿಯದು ಮುಗಿದಿದೆ, ಬರುವ ವರ್ಷ ನೋಡೋಣ ಎಂದರು. ಪುತ್ಲಿಬೌಲಿಯಲ್ಲಿ ಅಪ್ಪನ ಕಾಲದ ಅಂಗಡಿಗಳೆಲ್ಲ ಈಗ ಸೀಟು ಕವರು, ಮೊಬೈಲು ಸ್ಟ್ಯಾಂಡು ಮಾರುತ್ತವೆ. ಒಬ್ಬ ಬಲಗಾಲು ತೋರಿಸಿದ. ಎರಡೂ ಕಡೆಯ ಥ್ರೆಡ್ಡು ಒಂದಕ್ಕೊಂದು ಉಲ್ಟಾ, ಬಲಗಡೆಯದು ಎಡಕ್ಕೆ ಸತ್ತರೂ ಕೂರುವುದಿಲ್ಲ. ಇನ್ನೊಬ್ಬ ಮುರಿದದ್ದಕ್ಕೇ ವೆಲ್ಡಿಂಗ್ ಹೊಡೆದು ಕೊಡುತ್ತೇನೆ, ಲೈಫ್ ಗ್ಯಾರಂಟಿ ಎಂದು ಹಿಂದಿಯಲ್ಲಿ ಆಣೆ ಇಟ್ಟ. ಯಾರ ಲೈಫು ಎಂದು ಕೇಳಿ ಎದ್ದು ಬಂದೆ. ಜನರನ್ನು ಹೊತ್ತು ತಿರುಗುವ ಕಾಲಿಗೆ ತೇಪೆ ಹಾಕುವ ಮಾತೇ ಇಲ್ಲ.

ಊರಿನಲ್ಲಿ ಓಡುತ್ತಿರುವ ಹೆರಾಲ್ಡ್ ಒಂದೇ ಒಂದು ನನಗೆ ಗೊತ್ತಿತ್ತು. ಮೆಹದಿಪಟ್ಟಣಂನಲ್ಲೇ, ಅಣ್ಣನ ಮನೆಯಿಂದ ನಾಲ್ಕು ಗಲ್ಲಿ ಆಚೆ, ಬೂದೆಪ್ಪ ಕಾಕಾ ಅವರದು. ಯಾದಗಿರಿ ಕಡೆಯವರು, ಖಜಾನೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಪ್ರತಿ ಸೋಮವಾರ ಹೆಂಡತಿಯನ್ನು ಆ ಗಾಡಿಯಲ್ಲೇ ಈಶ್ವರನ ಗುಡಿಗೆ ಕರೆದೊಯ್ಯುತ್ತಾರೆ. ನಾನು ಹೋಗಿ ಒಂದು ದಿನದ ಮಟ್ಟಿಗೆ ಎಡಗಾಲು ಕಡ ಕೊಡಿ ಎಂದು ಕೇಳಿದೆ. ಕೇಳುವಾಗಲೇ ಎಂಥ ಮಾತು ಕೇಳುತ್ತಿದ್ದೇನೆ ಎಂದು ಗೊತ್ತಾಯಿತು. ಸಕ್ಕರೆ ಕಡ ಕೇಳುತ್ತಾರೆ, ಕುಕ್ಕರ್ ಕಡ ಕೇಳುತ್ತಾರೆ.

"ನಿನ್ನ ಗಾಡಿ ನಡೀಲಿಕ್ಕ ನನ್ನ ಗಾಡಿ ಕುಂಟಬೇಕೇನವ್ವ?" ಎಂದರು ಕಾಕಾ. ಚಹಾ ಕುಡಿಸಿ ಕಳಿಸಿದರು.

ಮರುದಿನ ಮತ್ತೆ ಹೋದೆ. ಅದರ ಮರುದಿನವೂ ಹೋದೆ. ಚಹಾ ಮಾತ್ರ ತಪ್ಪಲಿಲ್ಲ. ಕೊನೆಗೆ ನನ್ನ ಹಟಕ್ಕೆ ಬೇಸತ್ತು, ಎರಡು ಸೀಟಿನ ಗಾಡಿಗೆ ಇಷ್ಟೇಕೆ ಒದ್ದಾಡುತ್ತೀ, ಹಾಗೇ ನಿಂತಿರಲಿ ಬಿಡು ಎಂದರು. ನಿಲ್ಲಲು ಯಾರು ಬಿಡುತ್ತಾರೆ ಎಂದು ನಾನು ಮಾದಾಪುರದ ಗೋಡೆಯ ಕಥೆಯನ್ನೆಲ್ಲ ಒದರಿಬಿಟ್ಟೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟರು.

"ಕೊಯ್ದು ಗ್ವಾಡಿಗೆ ಬಡಿತಾರ?"

ಹೌದೆಂದೆ.

"ಜೀವ ಇದ್ದದ್ದನ್ನ?"

ನಾನು ಉತ್ತರ ಕೊಡುವ ಮೊದಲೇ ಎದ್ದು ಜ್ಯಾಕ್ ತರಲು ಹೋದರು. ಷರತ್ತು ಒಂದೇ: ಸೋಮವಾರ ಹೆಂಡತಿಗೆ ಗುಡಿ ತಪ್ಪಬಾರದು, ಹಬ್ಬದ ಮರುದಿನವೇ ಕಾಲು ತಿರುಗಿ ಬರಬೇಕು. ಹೆರಾಲ್ಡ್ ಇಟ್ಟಿಗೆಯ ಮೇಲೆ ಕುಳಿತಿತು, ಅದರ ಎಡಗಾಲು ನನ್ನ ಮಡಿಲಿಗೆ ಬಂತು. ಆಟೋದಲ್ಲಿ ಮನೆಗೆ ಬರುವಾಗ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಕೂರಿಸುವುದಕ್ಕೆ ಹಬ್ಬದ ಹಗಲು ಪೂರ್ತಿ ಹಿಡಿಯಿತು. ಕಾಲನ್ನು ಹಿತ್ತಾಳೆಯ ಗೂಡಿನೊಳಗೆ ಕೊನೆಯ ತನಕ ತಿರುಗಿಸಿ, ಚಕ್ರ ಎರಡೂ ಕಡೆ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಚ್ಚಿ, ಮೇಲೆ ಕೀಲು ಬಿಗಿದು, ಎಣ್ಣೆ ಒಸರಿ ಹೊರಗೆ ಬರುವ ತನಕ ತುಂಬಿದೆ. ಹಬ್ಬದ ಸೀರೆಯ ಬದಲು ಅಪ್ಪನ ಹಳೇ ಅಂಗಿಯಲ್ಲಿ ಗಾಡಿಯ ಕೆಳಗೆ ಮಲಗಿದ್ದ ನನ್ನನ್ನು ಬನ್ನಿ ಕೊಡಲು ಬಂದವರೆಲ್ಲ ಬಗ್ಗಿ ನೋಡಿ ಹೋದರು. ಮನೆಯ ಮರ್ಯಾದೆಯ ಬಗ್ಗೆ ಒಬ್ಬಿಬ್ಬರು ಗೊಣಗಿದರು. ಅವರಿಗೂ ಬನ್ನಿ ಕೊಟ್ಟೆ, ಎಣ್ಣೆಯ ಕೈಯಲ್ಲೇ.

ಸಂಜೆ ಕೈ ತೊಳೆದು ಗಾಡಿ ಹೊರಗೆ ತೆಗೆದರೆ ಅವ್ವ ರೇಷ್ಮೆ ಸೀರೆಯುಟ್ಟು ಗೇಟಿನಲ್ಲಿ ನಿಂತಿದ್ದಳು. ಬಾಗಿಲು ತೆಗೆದು ಒಳಗೆ ಕುಳಿತೇಬಿಟ್ಟಳು. ಅಣ್ಣ ಬೇಡ ಅಂದಿದ್ದಾನೆ ಎಂದು ನೆನಪು ಮಾಡಿದೆ.

"ಅವನ್ನ ಹಡದಾಕಿ ನಾನು," ಎಂದಳು ಅವ್ವ. "ಅವ ನನ್ನ ಹಡದಿಲ್ಲ. ನಡಿ."

ಹಬ್ಬದ ರಸ್ತೆ ತುಂಬಿತ್ತು. ಲಕಡಿಕಾಪುಲ್ ತಿರುವು ಬಂದಾಗ ಅವ್ವ ಡ್ಯಾಶ್‌ಬೋರ್ಡು ಹಿಡಿದಳು, ಕಣ್ಣು ಮಾತ್ರ ಮುಚ್ಚಲಿಲ್ಲ. ನಾನು ನಿಧಾನಿಸಲಿಲ್ಲ. ನಿಧಾನಿಸಿದರೆ ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಇಲ್ಲ ಎಂದಾಗುತ್ತಿತ್ತು. ಬೂದೆಪ್ಪ ಕಾಕಾರ ಕಾಲು ಭಾರ ಹೊತ್ತು ತಿರುಗಿತು, ಗಾಡಿ ಮಾಸಬ್ ಟ್ಯಾಂಕಿನ ಕಡೆ ನೆಟ್ಟಗಾಯಿತು. ಅವ್ವ ಕೈ ಬಿಟ್ಟು ಸೆರಗು ಸರಿಮಾಡಿಕೊಂಡಳು.

ಅಣ್ಣ ಬಾಗಿಲಲ್ಲೇ ಇದ್ದ. ಗಾಡಿ ಕಂಡು ಮುಖ ಅರಳಿದ್ದನ್ನು ನಾನು ನೋಡಿದ್ದೇನೆ, ಅರಳಿರಲಿಲ್ಲ ಎಂದು ಅವನು ಈಗ ವಾದಿಸಿದರೂ ಒಪ್ಪುವುದಿಲ್ಲ. ಒಳಗೆ ಅವ್ವ ಕಂಡಳು, ಆ ಮುಖ ಬಾಡಿತು. ಏನಾದರೂ ಆಗಿದ್ದರೆ ಎಂದು ನನ್ನ ಮೇಲೆ ಹರಿಹಾಯ್ದ. ಬೈದಷ್ಟೂ ಬೈಸಿಕೊಂಡೆ. ಅವನು ಹೆದರಿದ್ದು ಗಾಡಿಗಲ್ಲ, ಅವತ್ತು ಸ್ಟೇರಿಂಗ್ ಹಿಡಿದಿದ್ದ ತನ್ನ ಕೈಗೆ ಎಂದು ನನಗೆ ಆಗ ತಿಳಿಯಿತು. ಆಮೇಲೆ ಅವ್ವನಿಗೆ ಇಳಿ ಎಂದು ಕೈ ಕೊಟ್ಟ.

"ವೈಜನಾಥಗ ಫೋನ್ ಹಚ್ಚು," ಎಂದಳು ಅವ್ವ, ಕುಳಿತಲ್ಲಿಂದಲೇ. "ಗಾಡಿ ಕೊಡಂಗಿಲ್ಲ ಅಂತ ಹೇಳು. ಅಲ್ಲೀತನಕ ನಾ ಇಳಿಯಂಗಿಲ್ಲ."

ಬೀದಿಯ ಜನ ನೋಡುತ್ತಿದ್ದರು. ಅಣ್ಣ ಫೋನ್ ಹಚ್ಚಿದ. ಎರಡು ಮಾತಿನಲ್ಲಿ ಮುಗಿಸಿ ಫೋನು ಜೇಬಿಗಿಟ್ಟು, ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಈ ಕಾಲು ಎಲ್ಲಿಯದು ಎಂದು ಕೇಳಿದ. ಹೇಳಿದೆ. ನಾಳೆ ತಿರುಗಿ ಕೊಡಬೇಕು ಎಂಬುದನ್ನೂ ಹೇಳಿದೆ.

"ಮತ್ತ ನಾಳೆಯಿಂದ ನಿಂತಂಗ ಆತಲ್ಲ?"

"ನಿಂದರಲಿ," ಎಂದೆ. "ಇನ್ನೊಂದು ಕಾಲು ಸಿಗೂತನಕ ನಿಂದರಲಿ. ನಿಂತದ್ದು ಬ್ಯಾರೆ ಅಣ್ಣ, ಗ್ವಾಡಿಗೆ ಏರಿದ್ದು ಬ್ಯಾರೆ."

ಆ ರಾತ್ರಿ ಗಾಡಿಯನ್ನು ನಾರಾಯಣಗೂಡಕ್ಕೆ ತಿರುಗಿ ತಂದೆ. ಮರುದಿನ ಬೆಳಿಗ್ಗೆ ನಾನು ಜ್ಯಾಕ್ ಹಚ್ಚುವಾಗ ಅಣ್ಣ ಬಂದು ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡ. ಕಾಲು ಬಿಚ್ಚಿದವನು ಸೂರ್ಯಕಾಂತ. ಮೆಹದಿಪಟ್ಟಣಂಗೆ ಒಯ್ದು, ಬೂದೆಪ್ಪ ಕಾಕಾರ ಹೆರಾಲ್ಡಿನ ಕೆಳಗೆ ಬೆನ್ನು ಹಾಕಿ ಮಲಗಿ, ಅದನ್ನು ಮತ್ತೆ ಕೂರಿಸಿದವನೂ ಅವನೇ.