ಹೊರಮಗ್ಗುಲ ನರ

ಕುಣಿಗಲ್ಲಿನ ಮನೆಯ ಹಿತ್ತಿಲಲ್ಲಿ ಕನಕರಾಜು ಹೆಂಡತಿ ಶೃತಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಮುಖವನ್ನು ಒಗೆಯುವ ಕಲ್ಲಿಗೆ ಬಡಿಯುತ್ತಿದ್ದ. ಅಕ್ಕನನ್ನು ನೋಡಿ ಹೋಗಲು ಬಂದಿದ್ದ ತಿಮ್ಮೇಶ ಬಿಡಿಸಲು ಹೋದ. ಭಾವ ಒದ್ದ. ಬೋರಲು ಬಿದ್ದವನ ಎಡಗಾಲ ಮೀನಖಂಡಕ್ಕೆ ಎಳನೀರು ಕೆತ್ತುವ ಮಚ್ಚು ಇಳಿಯಿತು. ಹದಿನಾಲ್ಕು ಹೊಲಿಗೆ.

ಗಾಯ ಮಾಯಿತು. ಪಾದದ ಹೊರಮಗ್ಗುಲು ಮಾತ್ರ ಕಿರುಬೆರಳಿನ ತನಕ ಮರದ ತುಂಡಿನ ಹಾಗೆ ಉಳಿಯಿತು. ತೆಂಗಿನ ಮರ ಹತ್ತಿ ಬದುಕುತ್ತಿದ್ದ ತಿಮ್ಮೇಶನಿಗೆ ಬೊಡ್ಡೆಗೆ ಕಾಲು ತಗುಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹೊಲಿಗೆ ಹಾಕಿದ ಡಾಕ್ಟರು ಬೆರಳು ಆಡಿಸಿ ನೋಡಿ 'ಸಾಮಾನ್ಯ ಗಾಯ' ಎಂದು ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದೇ ಕನಕರಾಜು ಮಚ್ಚಿನ ಕೇಸಿನಲ್ಲಿ ಜಾಮೀನಿನ ಮೇಲೆ ಹೊರಗೆ ಬಂದ. ಬಂದವನೇ ಹೆಂಡತಿಯನ್ನು ಕಳಿಸಿ ಎಂದ. ಶೃತಿ ಆಗ ಗುಬ್ಬಿ ಹತ್ತಿರದ ತವರಿನಲ್ಲಿದ್ದಳು. ಊರಿನ ಹಿರಿಯ ರಂಗಣ್ಣ ಭಾನುವಾರ ನ್ಯಾಯ ಎಂದು ಗೊತ್ತುಮಾಡಿದ. ಕಾಲು ಸತ್ತಿದೆ ಎಂದು ತಿಮ್ಮೇಶ ಸುಳ್ಳು ಹೇಳುತ್ತಿದ್ದರೆ ಕೇಸು ವಾಪಸು, ಶೃತಿ ಕುಣಿಗಲ್ಲಿಗೆ. ನಿಜವಾದರೆ ಕನಕರಾಜು ಅವಳ ಸುದ್ದಿಗೆ ಬರಕೂಡದು.

ಶನಿವಾರ ಅಕ್ಕ ತಮ್ಮ ತುಮಕೂರಿಗೆ ಹೋಗಿ ಒಂದು ಸ್ಕ್ಯಾನಿಂಗ್ ಸೆಂಟರಿಗೆ ನುಗ್ಗಿದರು. ಡಾಕ್ಟರ್ ಸರ್ವಮಂಗಳ ಅವನ ಮೀನಖಂಡಕ್ಕೆ ಜೆಲ್ ಬಳಿದು ಪ್ರೋಬ್ ಒತ್ತುತ್ತ ಕೆಳಗಿಳಿಸಿ, ಪರದೆಯತ್ತ ಬೆರಳು ತೋರಿಸಿದರು.

"ಈ ಕರಿ ಉಂಗುರ ರಕ್ತನಾಳ. ಪಕ್ಕದಲ್ಲಿ ಜೇನುಹಲ್ಲೆ ತರ ಚುಕ್ಕಿ ಕಾಣುತ್ತಲ್ಲ, ಅದು ಸೂರಲ್ ನರ. ಎರಡೂ ಜೊತೇಲೇ ಇಳಿಯುತ್ತೆ."

ಹೊಲಿಗೆಯ ಗುರುತಿನ ಹತ್ತಿರ ಚುಕ್ಕಿಗಳು ಒಂದು ಕರಿಯ ಗಂಟಾಗಿ ನಿಂತುಬಿಟ್ಟವು. ಒಂದು ಬೆರಳಗಲ ಏನೂ ಇಲ್ಲ. ಆಮೇಲೆ ಮತ್ತೆ ಸಣ್ಣಗೆ ಶುರುವಾಯಿತು.

"ಕಟ್ಟಾಗಿದೆ. ಗಂಟು ಕಟ್ಟಿದೆ."

"ಬೆರಳು ಆಡುತ್ತಲ್ಲ ಮೇಡಂ?"

"ಇದು ಆಡಿಸೋ ನರ ಅಲ್ಲಪ್ಪ. ಬಿಸಿ, ತಂಪು, ನೋವು, ಇಷ್ಟೇ ಇದರ ಕೆಲಸ." ಅವರು ಬಾಲ್‌ಪೆನ್ನಿನಲ್ಲಿ ಹೊರಗಿನ ಹಿಮ್ಮಡಿಗಂಟಿನ ಹಿಂದಿನಿಂದ ಕಿರುಬೆರಳಿನವರೆಗೆ ಗೆರೆ ಎಳೆದರು. "ಇಷ್ಟು ಸತ್ತಿದೆ. ಒಳಮಗ್ಗುಲಿಗೆ ಬೇರೆ ನರ, ಅದು ಚೆನ್ನಾಗಿದೆ."

ಭಾನುವಾರ ಬೆಳಿಗ್ಗೆ ರಂಗಣ್ಣನ ಕಣದಲ್ಲಿ ಏಳೆಂಟು ಜನ ಕೂತಿದ್ದರು. ರಂಗಣ್ಣ ಸುತ್ತಲ ಊರಿನ ಕುಂಟು ಎತ್ತುಗಳಿಗೆಲ್ಲ ಬರೆ ಹಾಕುವವನು. ತಿಮ್ಮೇಶ ಕೊಟ್ಟ ಸ್ಕ್ಯಾನಿಂಗ್ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿ ಕೆಳಗಿಟ್ಟ.

"ನನ್ಗೇನೂ ಕಾಣಾಕಿಲ್ಲ ಕಣ್ಲಾ. ನರ ಹೋದ ಎತ್ತು ಕಾಲೆಳೀತದೆ. ನೀನು ಬೆರಳಾಡುಸ್ತೀಯ."

"ನಾಟ್ಕ ರಂಗಣ್ಣ. ಬಸ್‌ಸ್ಟಾಂಡಲ್ಲಿ ಓಡೋಗಿ ಬಸ್ ಹತ್ದ, ನಾನೇ ನೋಡಿವ್ನಿ," ಎಂದ ಕನಕರಾಜು.

ಶೃತಿಯ ತುಟಿಯ ಮೇಲಿನ ಗಾಯದ ಕಲೆ ಇನ್ನೂ ಕೆಂಪಗಿತ್ತು. ತಿಮ್ಮೇಶನಿಗೆ ರೇಗಿತು. ಕಾಲನ್ನು ಚಾಚಿ ಗೆರೆ ತೋರಿಸಿದ.

"ಬರೆ ಹಾಕು ರಂಗಣ್ಣ. ಈ ಗೆರೆ ಮ್ಯಾಲೆ ಹಾಕು. ಮಿಸುಕಿದ್ರೆ ಕೇಳು."

"ಬ್ಯಾಡ ಕಣೋ ತಿಮ್ಮ," ಎಂದಳು ಶೃತಿ. ಯಾರೂ ಕೇಳಲಿಲ್ಲ.

ತೆಂಗಿನ ಚಿಪ್ಪಿನ ಕೆಂಡದಲ್ಲಿ ಸರಳು ಕೆಂಪಾಯಿತು. ರಂಗಣ್ಣ ಗೆರೆಯ ಮೇಲೆ ಇಟ್ಟ. ಚರ್ಮ ಚುರ್ರೆಂದು ಮೇಲೆದ್ದಿತು. ಸುಟ್ಟ ಮಾಂಸದ ವಾಸನೆ ತಿಮ್ಮೇಶನ ಮೂಗಿಗೆ ಬಂತು, ಕಾಲಿಗೆ ಏನೂ ಬರಲಿಲ್ಲ. ಅವನು ಭಾವನ ಕಣ್ಣನ್ನೇ ನೋಡುತ್ತಿದ್ದ. ಒಬ್ಬ ಮುದುಕ ಮುಖ ತಿರುಗಿಸಿ ಉಗುಳಿದ.

"ಹಲ್ಕಚ್ಕಂಡವ್ನೆ, ಕೊಡಿಲ್ಲಿ!" ಕನಕರಾಜು ಸರಳು ಕಿತ್ತುಕೊಂಡು ಅದೇ ಪಾದದ ಒಳಮಗ್ಗುಲಿಗೆ ಒತ್ತಿದ.

ತಿಮ್ಮೇಶನ ಗಂಟಲಿನಿಂದ ಬಂದದ್ದು ಮನುಷ್ಯರ ಕೂಗಿನ ಹಾಗಿರಲಿಲ್ಲ. ನೆಲದ ಮೇಲೆ ಹೊರಳಾಡಿದ.

"ನೋಡುದ್ರಾ? ನೋವಾಗಲ್ವಂತೆ!" ಕನಕರಾಜು ಸರಳನ್ನು ಕೆಂಡಕ್ಕೆ ಎಸೆದು ನಕ್ಕ.

"ಒಳಗ್ಡೆ... ಅದು ಬ್ಯಾರೆ ನರ... ಡಾಕ್ಟ್ರು ಹೇಳವ್ರೆ..." ತಿಮ್ಮೇಶನಿಗೆ ಮಾತು ಪೂರ್ತಿ ಬರಲಿಲ್ಲ.

ರಂಗಣ್ಣ ಬಗ್ಗಿ ಎರಡೂ ಬರೆಗಳನ್ನು ನೋಡಿದ. ಎತ್ತಿನ ಕಾಲಿಗೆ ಜೀವ ಇದೆ ಅಥವಾ ಇಲ್ಲ. ಒಂದೇ ಪಾದದಲ್ಲಿ ಅರ್ಧ ಇದ್ದು ಅರ್ಧ ಇಲ್ಲದ್ದನ್ನು ಅವನು ಕಂಡಿರಲಿಲ್ಲ. ಕೊನೆಗೆ ಟವೆಲ್ ಕೊಡವಿ ಎದ್ದ. "ಕಿರುಚ್ದ ಅಂದ್ಮ್ಯಾಲೆ ಕಾಲಲ್ಲಿ ಜೀವ ಐತೆ. ಹೋಗವ್ವಾ, ಗಂಡನ ಮನೆಗೋಗು."

ಕನಕರಾಜು ಶೃತಿಯ ಜಡೆಗೆ ಕೈ ಹಾಕಿ ಎಳೆದ. ಅವಳು ಎಳೆದ ಕಡೆಗೇ ಬಗ್ಗಿದಳು. ಬಗ್ಗಿ, ಕೆಂಡದಿಂದ ಸರಳನ್ನು ಎತ್ತಿ ಅವನ ಮಣಿಕಟ್ಟಿಗೆ ಒತ್ತಿ ಹಿಡಿದಳು. ಅವನು ಜಡೆ ಬಿಟ್ಟು ಅರಚಿದ. ಅವಳು ನಿಲ್ಲಿಸಲಿಲ್ಲ. ಕೆನ್ನೆಗೆ ಒಂದು, ಓಡಲು ತಿರುಗಿದವನ ಮೀನಖಂಡಕ್ಕೆ ಒಂದು. ಅವನು ಕೆಂಡದ ಮೇಲೇ ಮುಗ್ಗರಿಸಿ ಬಿದ್ದ. ನಾಲ್ಕು ಜನ ಸೇರಿ ಅವಳ ಕೈಯಿಂದ ಸರಳು ಬಿಡಿಸಬೇಕಾಯಿತು. ಅವಳ ಅಂಗೈಯೂ ಬೆಂದಿತ್ತು.

"ಗಂಡನ್ನೇ ಸುಡ್ತೀಯಲ್ಲೇ!" ಎಂದ ರಂಗಣ್ಣ.

"ನಿಮ್ ನ್ಯಾಯ ಆಯ್ತಲ್ಲ. ಆಟೋ ಕರೀರಿ, ನನ್ ತಮ್ಮನ ಕೈಲಿ ನಡ್ಯಾಕಾಗಲ್ಲ."

ಆಟೋ ಬಂತು. ಗುಬ್ಬಿ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ತಿಮ್ಮೇಶ ಕಾಲು ಚಾಚಿಕೊಂಡು ಕೂತ. ಒಳಮಗ್ಗುಲು ಸಿಡಿಯುತ್ತಿತ್ತು. ಹೊರಮಗ್ಗುಲಲ್ಲಿ ಮೂಳೆಯ ಹತ್ತಿರದ ತನಕ ಬೆಂದಿತ್ತು, ಅದು ತನ್ನದಲ್ಲವೇನೋ ಎನ್ನುವ ಹಾಗೆ ಅವನು ನೋಡುತ್ತಿದ್ದ.

"ನಿನ್ ಮೇಲೂ ಕೇಸಾಗುತ್ತಮ್ಮ," ಎಂದ ಬರೆದುಕೊಳ್ಳುತ್ತಿದ್ದ ಪೇದೆ.

"ಆಗ್ಲಿ. ಜೈಲಿಗಾದ್ರೂ ಹೋಯ್ತೀನಿ, ಕುಣಿಗಲ್ಗೋಗಲ್ಲ."

"ಹೆಸರು?"

"ಶೃತಿ."

"ಗಂಡನ ಹೆಸರು?"

"ಬೀರಯ್ಯನ ಮಗಳು ಅಂತ ಬರ್ಕಳಿ ಸಾರ್," ಎಂದು ಅವಳು ಬೆಂದ ಕೈಯನ್ನು ಮೇಜಿನ ಮೇಲಿಟ್ಟಳು.